ಕೈ ಆಡಿದರೆ ಸಾಕು

ಆ ಶನಿವಾರ ಬೆಳಿಗ್ಗೆ ನಲ್ಲಿ ನೀರು ಬಂತು, ಡ್ರಮ್ಮು ತೊಳೆದು ತುಂಬಿಸಿದೆ. ಮಾರನೆಯ ದಿನದ ದೋಸೆಗೆ ಉದ್ದು ನೆನೆಹಾಕಿದೆ. ನಮ್ಮ ಯಜಮಾನರ ಬಲಗೈಗೆ ಭುಜದಿಂದ ಬೆರಳ ತುದಿಯವರೆಗೆ ಎಳ್ಳೆಣ್ಣೆ ತಿಕ್ಕಿ, ಬಿಸಿನೀರು ಹಾಕಿ, ಒರೆಸಿ, ಅಂಗಿ ತೊಡಿಸಿದೆ. ಲಕ್ವ ಹೊಡೆದ ಕೈಯನ್ನು ಮೊದಲು ತೋಳಿನೊಳಗೆ ತೂರಿಸಬೇಕು, ಚೆನ್ನಾಗಿರುವ ಕೈ ಆಮೇಲೆ. ಮಗಳ ಕಂಪನಿಯ ಟೀ ಶರ್ಟಿಗೆ ಇಸ್ತ್ರಿ ಹಾಕಿದೆ. ಎದೆಯ ಮೇಲಿನ ಅಕ್ಷರಕ್ಕೆ ಬಿಸಿ ತಾಕಿದರೆ ಇಸ್ತ್ರಿಪೆಟ್ಟಿಗೆಗೆ ಅಂಟಿಕೊಳ್ಳುತ್ತದೆಂದು ಒಳಮೈ ಹೊರಗೆ ಮಾಡಿ ಹಾಕಿದೆ. ಪಕ್ಕದ ಮನೆಯ ತಮಿಳಮ್ಮನ ಕೈಗೆ ಬೀಗದ ಕೈ ಕೊಟ್ಟು, ಗ್ಯಾಸಿನವನು ಬಂದರೆ ಸಿಲಿಂಡರ್ ಇಳಿಸಿಕೊಳ್ಳಿ ಎಂದು ಹೇಳಿದೆ. ಆಮೇಲೆ ಹಲಸೂರಿನ ನಮ್ಮ ಗಲ್ಲಿಯ ತುದಿಗೆ ಯಜಮಾನರನ್ನು ನಿಧಾನವಾಗಿ ನಡೆಸಿಕೊಂಡು ಹೋಗಿ, ಮೂವರೂ ಆಟೋ ಹತ್ತಿ ಇಂದಿರಾನಗರಕ್ಕೆ ಹೊರಟೆವು.

ಅಲ್ಲಿಗೆ ಯಾಕೆ ಹೋಗುತ್ತಿದ್ದೆವು ಎಂದು ಹೇಳಬೇಕಾದರೆ ಸ್ವಲ್ಪ ಹಿಂದಿನದನ್ನು ಹೇಳಬೇಕು.

ಅವರು ಶಿವಾಜಿನಗರದ ಒಂದು ಹಳೆಯ ಅಂಗಡಿಯಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದರು. ಅಳತೆ ತೆಗೆದು, ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಕತ್ತರಿಸುವುದಷ್ಟೇ ಅವರ ಕೆಲಸ. ಹೊಲಿಯುವವರು ಬೇರೆ. ಮೆಟ್ರೋ ಕೆಲಸಕ್ಕೆಂದು ನಮ್ಮ ಕಡೆಯ ರಸ್ತೆಗಳನ್ನೆಲ್ಲ ಅಗೆಯಲು ಶುರುಮಾಡಿದ್ದ ವರ್ಷ, ಒಂದು ಬೆಳಿಗ್ಗೆ ಯಾರದೋ ಮದುವೆಯ ಸೂಟಿನ ಬಟ್ಟೆಯ ಮೇಲೆ ಅವರ ಕೈಯಿಂದ ಕತ್ತರಿ ಜಾರಿತು. ಬಗ್ಗಿ ಎತ್ತಿಕೊಳ್ಳಲು ಹೋದವರು ಅಲ್ಲೇ ಕುಸಿದರು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಮಾತು ತಿರುಗಿ ಬಂತು, ಕಾಲೂ ಒಂದು ಮಟ್ಟಿಗೆ ಬಂತು. ಬಲಗೈ ಮಾತ್ರ ಬರಲಿಲ್ಲ. ಭುಜ ಒಂದಿಷ್ಟು ಅಲುಗಿದರೆ ಕೆಳಗಿನ ಕೈ ಅದರ ಹಿಂದೆ ತೂಗುತ್ತಿತ್ತು, ಅಷ್ಟೆ. ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಮೇಡಂ ನನ್ನನ್ನು ಬಾಗಿಲ ಹೊರಗೆ ಕರೆದು, "ಬರೋ ಅಷ್ಟು ಬಂದಿದೆ ಅಮ್ಮಾ. ಬಿಡದೆ ಮಾಡಿಸ್ತಾ ಇರಿ, ಇನ್ನೂ ಬಿಗಿಯಾಗದೆ ಇರಲಿ ಅಂತ" ಎಂದರು. ಆ ಮಾತಿನ ಕೊನೆಯ ಭಾಗವನ್ನು ನಾನು ಅವರಿಗೆ ಹೇಳಿದೆ. ಮೊದಲ ಭಾಗವನ್ನು ಅವರು ನನ್ನ ಮುಖ ನೋಡಿ ತಿಳಿದುಕೊಂಡರೋ ಇಲ್ಲವೋ ಗೊತ್ತಿಲ್ಲ.

ಅಂಗಡಿಯ ಸಾಹುಕಾರರು ಒಂದು ಶುಕ್ರವಾರ ನಮಾಜು ಮುಗಿಸಿಕೊಂಡು ಮೂಸಂಬಿ ಚೀಲ ಹಿಡಿದು ಮನೆಗೆ ಬಂದರು.

"ಮಾಸ್ಟರ್, ಫಿಕರ್ ಮಾಡ್ಬೇಡಿ. ನಿಮ್ ಟೇಬಲ್‌ಗೆ ಬೇರೆಯೋರ್ನ ಕೂರಿಸಿಲ್ಲ. ಕೈ ಆಡಕ್ಕೆ ಶುರುವಾದ ದಿನ ಬಂದ್ಬಿಡಿ, ಬಸ್."

"ಬರ್ತೀನಿ ಸಾಬ್," ಎಂದರು ಅವರು. "ಅಷ್ಟರಲ್ಲಿ ಆ ಸೂಟು ಹಾಳು ಮಾಡ್ಬೇಡಿ. ಎಡಗಡೆ ಭುಜ ಅವನಿಗೆ ಸ್ವಲ್ಪ ಇಳಿದಿದೆ."

"ಅವನ ಮದುವೆ ಆಗಿ ಹೆಂಡ್ತಿ ತವರಿಗೂ ಹೋಗಿ ಬಂದ್ಳು, ಮಾಸ್ಟರ್."

ಇಬ್ಬರೂ ನಕ್ಕರು. ಆದರೆ ಅಂದಿನಿಂದ ನಮ್ಮ ಮನೆಯಲ್ಲಿ ಎಲ್ಲವೂ ಆ ಒಂದು ಮಾತಿನ ಸುತ್ತ ತಿರುಗತೊಡಗಿತು. ಕೈ ಆಡಿದ ಮೇಲೆ ಕೆಲಸಕ್ಕೆ ಹೋಗುವುದು. ಕೈ ಆಡಿದ ಮೇಲೆ ಬೆಟ್ಟದ ದೇವರಿಗೆ ಹರಕೆ ಒಪ್ಪಿಸುವುದು. ದಿನವೆಲ್ಲ ಮಂಚದ ಮೇಲೆ ಕೂತು ಅವರು ಬಲಗೈಯ ಬೆರಳುಗಳನ್ನು ನೋಡುತ್ತಿದ್ದರು, ಹಾಲು ಉಕ್ಕುವುದನ್ನು ಕಾಯುವವರ ಹಾಗೆ.

ನಮಗಿರುವುದು ಒಬ್ಬಳೇ ಮಗಳು. ಆಗ ಬಿಕಾಂ ಓದುತ್ತಿದ್ದಳು. ಶನಿವಾರ ಭಾನುವಾರ ಇಂದಿರಾನಗರದ ಒಂದು ದೊಡ್ಡ ಶೋರೂಮಿನಲ್ಲಿ ಪ್ರಮೋಟರ್ ಕೆಲಸ ಹಿಡಿದಳು. ಅಂದರೆ ಕಂಪನಿಯ ಟೀ ಶರ್ಟು ಹಾಕಿಕೊಂಡು, ಬಂದ ಗಿರಾಕಿಗಳಿಗೆ ಸಾಮಾನು ತೋರಿಸಿ, ಅದರ ಗುಣಗಾನ ಮಾಡುವುದು. ಅವಳಿಗೆ ಸಿಕ್ಕಿದ್ದು ಟಿವಿಗೆ ಜೋಡಿಸಿ ಆಡುವ ಒಂದು ಹೊಸ ವಿಡಿಯೋ ಗೇಮು. ಆದರೆ ಆ ಹೆಸರನ್ನು ಬಾಯಲ್ಲಿ ಎತ್ತಬಾರದೆಂದೇ ಮೊದಲು ಹೇಳಿಕೊಟ್ಟಿದ್ದರಂತೆ.

"ಗೇಮ್ ಅನ್ನೋ ಹಾಗಿಲ್ಲಮ್ಮಾ," ಎಂದಳು ತರಬೇತಿ ಮುಗಿಸಿ ಬಂದ ಸಾಯಂಕಾಲ. "ಆಟ ಅಂತಾನೂ ಅನ್ನೋ ಹಾಗಿಲ್ಲ. ಅಪ್ಪ ಅಮ್ಮಂದಿರು ಕೇಳಿದ ತಕ್ಷಣ ಮಕ್ಕಳು ಓದಲ್ಲ ಅಂತ ಹಿಂದಕ್ಕೆ ಹೋಗ್ಬಿಡ್ತಾರಂತೆ. ಮನೆಮಂದಿಯೆಲ್ಲ ಸೇರೋ ಸಾಧನ ಅನ್ಬೇಕು. ಆರೋಗ್ಯ ಅನ್ಬೇಕು. ಮೊದಲು ವಯಸ್ಸಾದವರ ಕೈಗೆ ಕೊಡ್ಬೇಕು, ಮಕ್ಕಳ ಕೈಗಲ್ಲ."

"ಮಕ್ಕಳು ಸುಮ್ನೆ ಇರ್ತಾವಾ?"

"ಅವಕ್ಕೆ ಹೇಳೋದೇ ಬೇಡ. ಅವು ಹೆಂಗೂ ಬರ್ತಾವೆ. ದುಡ್ಡು ಇರೋರು ದೊಡ್ಡೋರು ತಾನೇ."

ನನಗೆ ತೊಂಬತ್ತರ ದಶಕದ ಟಿವಿ ಗೇಮುಗಳು ನೆನಪಾದವು. ಇವಳು ಚಿಕ್ಕವಳಿದ್ದಾಗ ಶಿವಾಜಿನಗರದ ಅಂಗಡಿಗಳಲ್ಲಿ ಸಾಲಾಗಿ ಇಟ್ಟಿರುತ್ತಿದ್ದರು. ಆ ಡಬ್ಬಿಗಳ ಮೇಲೆ ಬೆಂಕಿ, ಬಂದೂಕು, ಹಲ್ಲು ಕಚ್ಚಿದ ಒಬ್ಬನೇ ಹುಡುಗ. ಟಿವಿ ಜಾಹೀರಾತಿನಲ್ಲೂ ಕತ್ತಲೆ ಕೋಣೆ, ಸಿಡಿಲು. ನೋಡಿದರೆ ಸಾಕು, ನಾವು ತಾಯಂದಿರು ಮಕ್ಕಳ ರಟ್ಟೆ ಹಿಡಿದು ಮುಂದಕ್ಕೆ ಎಳೆದುಕೊಂಡು ಹೋಗುತ್ತಿದ್ದೆವು. ಈಗಿನ ಪೆಟ್ಟಿಗೆಯ ಬಣ್ಣವೇ ಬೇರೆ, ಹಾಲಿನ ಹಾಗೆ ಬಿಳಿ. ಅದರ ಕರಪತ್ರದಲ್ಲಿ ಹಗಲು ಬೆಳಕು ತುಂಬಿದ ಹಜಾರ, ಸೋಫಾ, ಸೀರೆಯುಟ್ಟ ಅಮ್ಮ, ನಗುವ ಮೊಮ್ಮಕ್ಕಳು. ಎಲ್ಲರ ಮುಂದೆ ಬೆಳ್ಳಿಕೂದಲಿನ ಒಬ್ಬ ತಾತ ಬಲಗೈಯನ್ನು ಮೇಲಕ್ಕೆತ್ತಿ ಬೀಸುತ್ತಿದ್ದಾರೆ. ಒಳಗಿನ ಯಂತ್ರ ಎಷ್ಟು ಬದಲಾಗಿತ್ತೋ ನನಗೆ ತಿಳಿಯದು. ಚಿತ್ರದೊಳಗಿನವರಂತೂ ಪೂರ್ತಿ ಬದಲಾಗಿದ್ದರು. ಕತ್ತಲೆ ಕೋಣೆಯ ಹುಡುಗನನ್ನು ತೆಗೆದು ತಾತನನ್ನು ನಿಲ್ಲಿಸಿದ್ದಕ್ಕೇ ಅದು ನಮ್ಮಂಥವರ ಮನೆಗೂ ಬರಬಹುದಾದ ವಸ್ತುವಾಗಿ ಕಾಣುತ್ತಿತ್ತು.

ತಾತನ ಕೆಳಗೆ ಕನ್ನಡದಲ್ಲಿ ದೊಡ್ಡದಾಗಿ ಬರೆದಿತ್ತು: ಕೈ ಆಡಿದರೆ ಸಾಕು, ಮನೆಯೆಲ್ಲ ಆಡುತ್ತದೆ.

ಇಂಗ್ಲಿಷಿನ ಕರಪತ್ರದಲ್ಲಿ ಸುಮ್ಮನೆ ಕೈ ಬೀಸಿ ಎಂದಷ್ಟೇ ಇತ್ತು ಎಂದು ಮಗಳು ಹೇಳಿದಳು. ಕನ್ನಡಕ್ಕೆ ತಂದ ಪುಣ್ಯಾತ್ಮರು ಒಂದೇ ಮಾತನ್ನು ಎರಡು ಕಡೆ ಇಟ್ಟು ಚೆಂದ ಮಾಡಿದ್ದರು. ಓದಲು ಚೆಂದವೇ. ನಮ್ಮ ಮನೆಯಲ್ಲಿ ಕೈ ಆಡುವುದು ಎಂದರೆ ಏನೆಂದು ಅವರಿಗೆ ಹೇಗೆ ಗೊತ್ತಿರಬೇಕು.

ಮಗಳು ಗೋಡೆಯ ಕನ್ನಡಿಯ ಮುಂದೆ ನಿಂತು ಮಾತುಗಳನ್ನು ಬಾಯಿಪಾಠ ಮಾಡುತ್ತಿದ್ದಳು. ಯಜಮಾನರು ಹಿಂದೆ ಮಂಚದ ಮೇಲೆ ಕೂತು ಕೇಳುತ್ತಿದ್ದರು.

"ನಮಸ್ಕಾರ ಸರ್, ಬನ್ನಿ. ಇದ್ರಲ್ಲಿ ಬಟನ್ ಒತ್ತೋ ತಲೆನೋವಿಲ್ಲ ಸರ್. ಯಾವ ವಯಸ್ಸಿನವರಾದ್ರೂ ಸರಿ. ಕೈ ಆಡಿದ್ರೆ ಸಾಕು ಸರ್."

"ಬಲಗೈಗೂ ಆಗುತ್ತಾ?" ಎಂದು ಅವರು ಕೇಳಿದರು.

ಅಪ್ಪ ಗಿರಾಕಿಯ ಪಾತ್ರ ಮಾಡುತ್ತಿದ್ದಾರೆಂದು ಅವಳಿಗೆ ಖುಷಿಯಾಯಿತು. ಕನ್ನಡಿಯಲ್ಲೇ ನಕ್ಕು, "ಯಾವ ಕೈಗಾದ್ರೂ ಆಗುತ್ತೆ ಸರ್. ಎಲ್ಲಾ ವಯಸ್ಸಿನವ್ರಿಗೂ ಒಳ್ಳೇ ವ್ಯಾಯಾಮ," ಎಂದಳು.

"ಎಷ್ಟು ದಿನ ಮಾಡ್ಬೇಕು?"

ಆಗ ಅವಳು ತಿರುಗಿದಳು. ಅವರು ಮುಂದಕ್ಕೆ ಬಾಗಿ, ಎಡಗೈಯಲ್ಲಿ ಬಲಗೈಯನ್ನು ತೊಡೆಯ ಮೇಲೆ ಎತ್ತಿ ಇಟ್ಟುಕೊಂಡಿದ್ದರು, ಡಾಕ್ಟರಿಗೆ ತೋರಿಸುವ ಹಾಗೆ.

"ಅಪ್ಪಾ, ಅದು ಆಟ ಅಷ್ಟೇ ಅಪ್ಪಾ."

"ಆಟ ಅನ್ಬಾರ್ದು ಅಂತ ತಾನೇ ನಿಂಗೆ ಹೇಳ್ಕೊಟ್ಟಿರೋದು? ಆಟವೇ ಆಗಿದ್ರೆ ಯಾಕೆ ಅನ್ಬಾರ್ದು?"

ಅವರು ಕರಪತ್ರ ಇಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. "ಈ ಯಜಮಾನ್ರ ಶರ್ಟು ಕತ್ತರಿಸಿದೋನಿಗೆ ತೋಳು ಕೂರಿಸಕ್ಕೆ ಬರಲ್ಲ," ಎಂದರು ಮೊದಲು. ಸ್ವಲ್ಪ ಹೊತ್ತಿನ ಮೇಲೆ, "ಬಲಗಾಲು ನೋಡೇ, ಒಂಚೂರು ಎಳೆದು ಇಟ್ಟಂಗಿದೆ. ಇವರಿಗೂ ಆಗಿತ್ತೇನೋ," ಎಂದು ನನಗೆ ತೋರಿಸಿದರು.

ಮರುವಾರ ಅವರನ್ನು ಶೋರೂಮಿಗೆ ಕರೆದುಕೊಂಡು ಹೋಗಲೇಬೇಕಾಯಿತು. ಒಮ್ಮೆ ನೋಡಿ ಬಿಟ್ಟರೆ ಸಮಾಧಾನವಾಗುತ್ತದೆ ಎಂದು ಮಗಳೂ ಒಪ್ಪಿದಳು. ಗೋಡೆಯಷ್ಟು ದೊಡ್ಡ ಟಿವಿ, ಎದುರಿಗೆ ಸೋಫಾ, ಹಿಂದೆ ಅದೇ ತಾತನ ಆಳೆತ್ತರದ ಚಿತ್ರ. ಮಗಳು ಅವರನ್ನು ಕೂರಿಸಿ, ರಿಮೋಟಿನಂಥ ಬಿಳಿ ಕೋಲನ್ನು ಬಲಗೈಗೆ ಹಿಡಿಸಿ, ಬೀಳದಂತೆ ಅದರ ಪಟ್ಟಿಯನ್ನು ಮಣಿಕಟ್ಟಿಗೆ ಬಿಗಿದಳು. ಟೆನ್ನಿಸ್ ಆಟ. ತೆರೆಯ ಮೇಲೆ ಒಂದು ಬೊಂಬೆ. ಅದು ಚೆಂಡಿನ ಹಿಂದೆ ತಾನೇ ಓಡುತ್ತದೆ, ಹೊಡೆಯುವ ಹೊತ್ತಿಗೆ ನಾವು ಕೈ ಬೀಸಬೇಕು, ಅಷ್ಟೆ.

ಚೆಂಡು ಬಂತು. ಅವರು ಹಲ್ಲು ಕಚ್ಚಿ ಭುಜವನ್ನು ಎತ್ತಿದರು. ತೂಗುಬಿದ್ದ ಕೈ ಒಂದು ಸಲ ಜಗ್ಗಿತು, ಅಷ್ಟೇ. ಆದರೆ ತೆರೆಯ ಮೇಲಿನ ಬೊಂಬೆ ತನ್ನ ಬಲಗೈಯನ್ನು ಕಿವಿಯ ಹಿಂದಿನವರೆಗೂ ಎತ್ತಿ, ಸುಯ್ಯೆಂದು ಬೀಸಿ ಚೆಂಡನ್ನು ಆಚೆಗೆ ಹೊಡೆಯಿತು.

ಅವರು ಟಿವಿಯನ್ನೇ ನೋಡುತ್ತಿದ್ದರು, ತಮ್ಮ ಕೈಯನ್ನಲ್ಲ.

"ಆಡ್ತು," ಎಂದರು ನನ್ನ ಕಡೆ ತಿರುಗದೆ. "ನೋಡಿದ್ಯೇನೇ? ಆಡ್ತು."

ನಿಂತು ನೋಡುತ್ತಿದ್ದ ಯಾರೋ ಚಪ್ಪಾಳೆ ತಟ್ಟಿದರು. ಶೋರೂಮಿನ ಮ್ಯಾನೇಜರ್ ಓಡಿ ಬಂದ. ಚಿಕ್ಕ ವಯಸ್ಸಿನವನು, ಒಳ್ಳೆಯ ಹುಡುಗ, ಅವರ ಬೆನ್ನು ಸವರಿ, "ಸೂಪರ್ ಅಂಕಲ್. ಶನಿವಾರ ಬಂದ್ಬಿಡಿ ಅಂಕಲ್, ಇಲ್ಲೇ ಕೂತು ಆಡ್ತಾ ಇರಿ. ಆಟೋ ಚಾರ್ಜ್ ನಮ್ಮದು," ಎಂದ. ಪೋಸ್ಟರಿನ ತಾತನ ಕೆಳಗೆ ನಿಜವಾದ ಒಬ್ಬ ತಾತ ಕೂತರೆ ವ್ಯಾಪಾರಕ್ಕೆ ಎಷ್ಟು ಅನುಕೂಲ ಎಂದು ಅವನಿಗೆ ತಕ್ಷಣ ಹೊಳೆದಿರಬೇಕು.

ಮನೆಗೆ ಬಂದ ಮೇಲೆ ಮಗಳು ಅತ್ತಳು. "ನಾಲ್ಕು ಜನರ ಮುಂದೆ ಅಪ್ಪನ ಕೈ ತೋರಿಸಿ ನಾನು ಮಾರ್ಬೇಕಾ?" ಎಂದಳು ಒಲೆಯ ಹತ್ತಿರ ನಿಂತು, ಅವರಿಗೆ ಕೇಳಿಸದಂತೆ. ಆದರೆ ಅವರು ಆಗಲೇ ಮುಂದಿನ ಶನಿವಾರಕ್ಕೆ ಯಾವ ಶರ್ಟು ಎಂದು ಬೀರುವಿನಲ್ಲಿ ಎಡಗೈಯಿಂದ ತಡಕಾಡುತ್ತಿದ್ದರು. ಎಷ್ಟೋ ತಿಂಗಳ ಮೇಲೆ ಹೊರಗೆ ಹೋಗಲು ಅವರಿಗೊಂದು ಕಾರಣ ಸಿಕ್ಕಿತ್ತು. ಬೇಡ ಎನ್ನಲು ಅವಳಿಗೂ ಬಾಯಿ ಬರಲಿಲ್ಲ. ಒಂದೇ ಷರತ್ತು ಹಾಕಿದಳು. ಗಿರಾಕಿಗಳ ಮುಂದೆ ಅಪ್ಪ ಎಂದು ಕರೆಯುವುದಿಲ್ಲ.

ಹಾಗೆ ಶನಿವಾರಗಳು ಶುರುವಾದವು. ಅವರು ಸೋಫಾದಲ್ಲಿ, ನಾನು ಪಕ್ಕದ ಕುರ್ಚಿಯಲ್ಲಿ ನೀರಿನ ಬಾಟಲಿ ಹಿಡಿದು. ಆಫೀಸುಗಳಲ್ಲಿ ಕೆಲಸ ಮಾಡುವ ಗಂಡಹೆಂಡಿರು ಬರುತ್ತಿದ್ದರು. ಮಗಳು ಅಪ್ಪನ ಕಡೆ ನೋಡದೆ, "ನೋಡಿ ಸರ್, ಆ ಅಂಕಲ್ ಎಷ್ಟು ಚೆನ್ನಾಗಿ ಆಡ್ತಿದ್ದಾರೆ," ಎನ್ನುತ್ತಿದ್ದಳು. ಬಂದವರು, "ನಮ್ಮತ್ತೆಗೆ ಮಂಡಿನೋವು, ಅವರಿಗೂ ಎಕ್ಸರ್ಸೈಸ್ ಆಗುತ್ತೆ ಕಣ್ರೀ," "ಮಕ್ಕಳಿಗಂತ ಅಲ್ಲ, ಅಪ್ಪನಿಗೆ ಅಂತ ತಗೊಳೋಣ," ಎಂದು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದರು. ಅವರ ಮಕ್ಕಳು ಅಷ್ಟರಲ್ಲಿ ಇನ್ನೊಂದು ಕೋಲು ಕಿತ್ತುಕೊಂಡು ಕುಣಿಯುತ್ತಿದ್ದವು. ಆಡುವವರು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಪೆಟ್ಟಿಗೆ ಹೊತ್ತು ಹೋಗುವಾಗ ಅಜ್ಜ ಅಜ್ಜಿಯರ ಹೆಸರು ಹೇಳಿಕೊಂಡೇ ಹೋಗುತ್ತಿದ್ದರು.

"ಹಗಲೆಲ್ಲ ಅಂಕಲ್, ಸಾಯಂಕಾಲ ಅಪ್ಪ," ಎಂದು ಅವರು ಆಟೋದಲ್ಲಿ ಮಗಳನ್ನು ರೇಗಿಸುತ್ತಿದ್ದರು. ಮನೆಯಲ್ಲಿ ಎಣ್ಣೆ ತಿಕ್ಕುವಾಗ, "ಈಗ ಬೆರಳು ಆಡ್ತು, ನಿಂಗೆ ಗೊತ್ತಾಯ್ತಾ?" ಎನ್ನುವರು. ನನ್ನ ಅಂಗೈಯೊಳಗೆ ಆ ಬೆರಳುಗಳು ನೆನೆಸಿಟ್ಟ ಬಟ್ಟೆಯ ಹಾಗೆ ಬಿದ್ದಿರುತ್ತಿದ್ದವು. ನಾನು ಹೂಂ ಎನ್ನುತ್ತಿದ್ದೆ.

ನಾನು ಮೊದಲು ಹೇಳಿದ ಆ ಶನಿವಾರ, ಊಟದ ಹೊತ್ತಿಗೆ ಮುಂಚೆ, ಗಾಜಿನ ಬಾಗಿಲ ಹತ್ತಿರ ಸೆಕ್ಯುರಿಟಿಯವನು ಯಾರೊಂದಿಗೋ ವಾದ ಮಾಡುತ್ತಿದ್ದ. ಮಗಳು ಹೋಗಿ ಒಳಗೆ ಬಿಡಿಸಿದಳು. ನಡುವಯಸ್ಸಿನ ಒಬ್ಬ ಹೆಂಗಸು, ಅವಳ ಭುಜಕ್ಕೆ ಆತುಕೊಂಡು ಅವಳ ಗಂಡ. ಅವನ ಎಡಗೈ ತೂಗುತ್ತಿದ್ದ ರೀತಿಗೇ ಲಕ್ವವೆಂದು ದೂರದಿಂದಲೇ ನನಗೆ ಗೊತ್ತಾಯಿತು. ಕಲಬುರಗಿ ಕಡೆಯವರಂತೆ, ಕಗ್ಗದಾಸಪುರದಲ್ಲಿ ಬಾಡಿಗೆ ಕೋಣೆಯಲ್ಲಿದ್ದು ಇಬ್ಬರೂ ಕಟ್ಟಡದ ಕೆಲಸ ಮಾಡುತ್ತಿದ್ದರಂತೆ. ಅವಳ ಕೈಯಲ್ಲಿ ಆ ಕರಪತ್ರ ನಾಲ್ಕು ಮಡಿಕೆಯಾಗಿತ್ತು.

"ಯವ್ವಾ, ಇದು ಇಲ್ಲೇ ಸಿಗ್ತದೇನು?"

"ಹೌದಮ್ಮಾ, ಬನ್ನಿ," ಎಂದು ಮಗಳು ರೂಢಿಯ ಮೇಲೆ ಶುರುಮಾಡಿದಳು. "ಬಟನ್ ಒತ್ತೋ ತಲೆನೋವಿಲ್ಲ, ಕೈ ಆಡಿದ್ರೆ..."

"ಅದೇ ನೋಡವ್ವಾ, ಕೈ ಆಡವಲ್ದು. ಅದಕ್ಕೇ ಬಂದೀವಿ. ಇದರಾಗ ಬರದಾರ, ನಮ್ಮ ಹುಡುಗಿ ಓದಿ ಹೇಳ್ಯಾಳ."

ಮ್ಯಾನೇಜರ್ ಹತ್ತಿರ ಬಂದ. ಅವನಿಗೆ ಆ ಹೆಂಗಸಿನ ಮಾತು ಪೂರ್ತಿ ತಿಳಿಯಲಿಲ್ಲವೋ, ಅಥವಾ ದಿನಾ ಹೇಳುವ ಮಾತು ತಾನಾಗಿ ಬಂತೋ, "ನೋಡಿ ಅಮ್ಮಾ, ಈ ಅಂಕಲ್‌ಗೂ ನಿಮ್ಮ ಯಜಮಾನ್ರ ಥರಾನೇ ಆಗಿತ್ತು. ಈಗ ಹೆಂಗ್ ಆಡ್ತಾರೆ ನೋಡಿ," ಎಂದು ಸೋಫಾದ ಕಡೆ ಕೈ ತೋರಿಸಿದ.

ಆ ಹೆಂಗಸು ಸೀದಾ ನಮ್ಮವರ ಮುಂದೆ ಬಂದು ನಿಂತಳು. ತೆರೆಯ ಮೇಲೆ ಬೊಂಬೆ ಚೆಂಡಿಗಾಗಿ ಕಾಯುತ್ತಿತ್ತು.

"ಅಣ್ಣಾರ, ನಿಮಗ ಎಷ್ಟ್ ದಿನಕ್ಕ ಬಂತ್ರಿ ಕೈ?"

ಇವರು ಅವಳನ್ನು ನೋಡಿದರು. ಅವಳ ಹಿಂದೆ ನಿಂತಿದ್ದ ಗಂಡನನ್ನು ನೋಡಿದರು. ಅವನು ಅರ್ಧ ಮುಖದಲ್ಲಿ ನಕ್ಕ. ಚೆಂಡು ಬಂತು, ಯಾರೂ ಹೊಡೆಯದೆ ಅದು ದಾಟಿ ಹೋಯಿತು. ಇನ್ನೊಂದು ಬಂತು. ಇವರು ಬಗ್ಗಿ, ಹಲ್ಲಿನಿಂದ ಕಚ್ಚಿ, ಮಣಿಕಟ್ಟಿನ ಪಟ್ಟಿಯನ್ನು ಬಿಚ್ಚಿದರು. ನಾನು ಸಹಾಯಕ್ಕೆ ಹೋದರೆ ಬೇಡ ಎಂದು ತಲೆಯಾಡಿಸಿದರು.

"ಬಂದಿಲ್ಲಮ್ಮಾ," ಎಂದರು.

"ಟಿವಿಯಾಗ ಆಡ್ತಲ್ರಿ, ನಾ ನೋಡ್ದೆ."

"ಅದು ಬೊಂಬೆ ಕೈ." ಎಡಗೈಯಿಂದ ಬಲಗೈಯನ್ನು ಮೇಲೆತ್ತಿ ಬಿಟ್ಟರು. ಅದು ತೊಡೆಯ ಮೇಲೆ ಬಿತ್ತು. "ನನ್ನ ಕೈ ಇದು. ಇದು ಬಂದಿಲ್ಲ. ಮಕ್ಕಳ ಆಟದ ಸಾಮಾನು ಕಣಮ್ಮಾ ಇದು, ದುಡ್ಡು ಹಾಕ್ಬೇಡಿ. ಆಸ್ಪತ್ರೆಗೆ ಕರ್ಕೊಂಡು ಹೋಗಿ ವ್ಯಾಯಾಮ ಮಾಡ್ಸಿ."

"ಮಾಡಿಸಿದ್ರ ಬರ್ತದೇನ್ರಿ?"

"ಕೆಲವರಿಗೆ ಬರುತ್ತಂತೆ," ಎಂದರು. ಅವಳ ಗಂಡನ ಕಡೆ ನೋಡಿ, "ನಿಮ್ಮೋರಿಗೆ ಬರಲಿ," ಎಂದರು.

ಮ್ಯಾನೇಜರ್ ಕೆಳದನಿಯಲ್ಲಿ, "ಅಂಕಲ್, ಹಂಗೆಲ್ಲ ಹೇಳ್ಬಾರ್ದು ಅಂಕಲ್," ಎನ್ನುತ್ತಿದ್ದ. ಮಗಳು ತಲೆಯ ಮೇಲಿನ ಕಂಪನಿ ಟೋಪಿ ತೆಗೆದು ಅವನ ಕೈಗೆ ಕೊಟ್ಟಳು. "ಅಂಕಲ್ ಅಲ್ಲ ಸರ್. ನಮ್ಮಪ್ಪ," ಎಂದಳು. ಆಮೇಲೆ ಅವರ ಕಂಕುಳಿಗೆ ಕೈ ಕೊಟ್ಟು, "ಅಪ್ಪಾ, ಏಳು. ಮನೆಗೆ ಹೋಗೋಣ," ಎಂದಳು.

ಹೊರಗೆ ಫುಟ್‌ಪಾತಿನಲ್ಲಿ ಗಂಡಸರಿಬ್ಬರನ್ನೂ ಒಂದು ಅಂಗಡಿಯ ಕಟ್ಟೆಯ ಮೇಲೆ ಕೂರಿಸಿದೆವು. ನಾನು ಬಾಟಲಿಯ ನೀರು ಕೊಟ್ಟೆ. ಮಗಳು ಆಟೋ ಹುಡುಕುತ್ತಿದ್ದಳು.

"ನಿಮ್ಮೋರಿಗೆ ಬಲಕ್ಕ ಏನ್ರಿ?" ಎಂದಳು ಆ ಹೆಂಗಸು.

"ಹೂಂ. ಬಲಗಡೆ."

"ಬಲಕ್ಕ ಅಂದ್ರ ಭಾಳ ತ್ರಾಸ್ ನೋಡ್ರಿ. ಉಣ್ಲಿಕ್ಕೂ ಆಗಂಗಿಲ್ಲ." ಅವಳು ತನ್ನ ಗಂಡನ ಗಡ್ಡದ ಮೇಲೆ ಇಳಿದಿದ್ದ ನೀರನ್ನು ಸೆರಗಿನಿಂದ ಒರೆಸಿದಳು. "ನಾ ಅಂತೂ ಓಡಿ ಬಂದಿದ್ದೆ ಯಕ್ಕಾ, ಆ ಮುದುಕನ ಚಿತ್ರ ನೋಡಿ."

"ನಾವೂ ಹಂಗೇ ಬಂದಿದ್ದು," ಎಂದೆ.

ಮೊದಲ ಆಟೋಕ್ಕೆ ಅವರನ್ನೇ ಹತ್ತಿಸಿದೆವು. ನಮ್ಮ ಆಟೋ ಅಗೆದ ರಸ್ತೆಯಲ್ಲಿ ಕುಲುಕುತ್ತಾ ಹೋಯಿತು. ಹಲಸೂರು ಹತ್ತಿರ ಬಂದಾಗ ಯಜಮಾನರು ಮಗಳಿಗೆ, "ಸಾಹುಕಾರ್ರಿಗೆ ಒಂದು ಫೋನ್ ಮಾಡಮ್ಮಾ. ಟೇಬಲ್ ಬೇರೆಯೋರಿಗೆ ಕೊಟ್ಬಿಡಿ ಅಂತ ಹೇಳು. ಕೆಲಸ ನಿಲ್ಲಿಸ್ಕೊಂಡು ಅವರು ತಾನೇ ಎಷ್ಟು ದಿನ ಕಾಯ್ತಾರೆ," ಎಂದರು.

"ಈಗ್ಲೇ ಬೇಡ ಅಪ್ಪಾ."

"ಈಗ್ಲೇ ಮಾಡು. ನಾಳೆ ಆದ್ರೆ ಬೇಡ ಅಂತೀನಿ."

ಅವಳು ಮಾಡಿದಳು. ಆಚೆಯಿಂದ ಸಾಹುಕಾರರು ಏನು ಹೇಳಿದರೋ, ಅವಳು ಜೀ, ಜೀ ಎಂದಷ್ಟೇ ಹೇಳಿ ಫೋನಿಟ್ಟಳು.

ಸಾಯಂಕಾಲ ನಾನು ಅನ್ನ ಮಾಡಿ, ಬೇಳೆ ಬೇಯಿಸಿ, ಟೊಮೇಟೊ ಸಾರಿಗೆ ಒಗ್ಗರಣೆ ಕೊಟ್ಟೆ. ಹಪ್ಪಳ ಸುಟ್ಟೆ. ಕಾಯಿಲೆ ಬಿದ್ದಂದಿನಿಂದ ಅವರಿಗೆ ನಾನೇ ತುತ್ತಿಡುತ್ತಿದ್ದೆ. ಚಮಚ ಕೊಟ್ಟರೂ ಹಿಡಿಯುತ್ತಿರಲಿಲ್ಲ. ಎಡಗೈಯಲ್ಲಿ ಉಣ್ಣುವುದುಂಟೇ, ಇವತ್ತಲ್ಲ ನಾಳೆ ಬಲಗೈ ಬರುತ್ತಲ್ಲ ಎನ್ನುತ್ತಿದ್ದರು. ಅವತ್ತು ತಟ್ಟೆ ಇಟ್ಟು, ಕಲಸಲು ನಾನು ಕೂತುಕೊಳ್ಳುವಷ್ಟರಲ್ಲಿ ಅವರು ಎಡಗೈ ತೊಳೆದುಕೊಂಡು ಬಂದಿದ್ದರು. ಎಡಗೈಯಿಂದಲೇ ಅನ್ನಕ್ಕೆ ಸಾರು ಕಲಸಿದರು. ಮೊದಲ ತುತ್ತು ಅರ್ಧ ಮಡಿಲಿಗೆ ಬಿತ್ತು. ಮಗಳು ತಟ್ಟೆ ನೋಡಿಕೊಂಡು ಉಂಡಳು, ನಾನೂ ಹಾಗೇ ಉಂಡೆ. ಅವರು ಎರಡನೆಯ ಸಲ ಅನ್ನ ಹಾಕಿಸಿಕೊಂಡರು, ಮಜ್ಜಿಗೆಗೂ ಸ್ವಲ್ಪ ಉಳಿಸಿಕೊಂಡರು.

ನಾನು ಪಾತ್ರೆ ತೊಳೆದು, ಉದ್ದು ರುಬ್ಬಿಟ್ಟು, ಕೈ ಒರೆಸಿಕೊಂಡು ಬರುವಾಗ ಅವರು ಗೋಡೆಯ ಕಡೆ ತಿರುಗಿ ಆಗಲೇ ನಿದ್ದೆ ಹೋಗಿದ್ದರು. ಆಮೇಲೆ ಮಗಳು ಮಲಗಿದಳು. ನಾನು ಕೊನೆಗೆ.